ರೋಹಿಣಿ ಮಳೆಗೆ ಮುಂಚಿನ ಆಕಾಶ

ರೋಹಿಣಿ ಮಳೆಯ ದಿನಗಳಲ್ಲಿ ರೋಹಿಣಿ ನಕ್ಷತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ತಪ್ಪು ಮೋಡದ್ದಲ್ಲ. ಮೇ 25ರ ಸುಮಾರಿಗೆ ಸೂರ್ಯ ಆಕಾಶದ ಆ ಭಾಗಕ್ಕೆ ಬಂದು ಹದಿಮೂರು ಹದಿನಾಲ್ಕು ದಿನ ಅಲ್ಲಿರುತ್ತಾನೆ. ಹಗಲೆಲ್ಲ ಅವನ ಜೊತೆಗಿರುವ ನಕ್ಷತ್ರ ಕಾಣುವುದಾದರೂ ಹೇಗೆ? ನಮ್ಮ ರೈತರು ಎಣಿಸುವ ಮಳೆ ನಕ್ಷತ್ರಗಳೆಲ್ಲ ಹೀಗೆಯೇ, ಸೂರ್ಯ ಎಲ್ಲಿದ್ದಾನೆ ಎಂಬುದರ ಲೆಕ್ಕ. ಹಾಗಾದರೆ ಆ ರಾತ್ರಿಗಳಲ್ಲಿ ಕಾಣುವುದು ಏನು? ಸೂರ್ಯನಿಗೆ ನೇರ ಎದುರಿನ ಭಾಗ. ರೋಹಿಣಿಗೆ ಸರಿಯಾಗಿ ಎದುರು ನಿಂತಿರುವುದು ವೃಶ್ಚಿಕದ ಕೆಂಪು ತಾರೆ ಜ್ಯೇಷ್ಠಾ. ಮೇ ಕೊನೆಗೆ ಸೂರ್ಯ ಪಶ್ಚಿಮದಲ್ಲಿ ಇಳಿಯುತ್ತಿದ್ದಂತೆ ಅದು ಪೂರ್ವದ ಕಡೆ ಮೂಡುತ್ತದೆ. ಚಿತ್ತಾ, ಸ್ವಾತಿ ಮಳೆಗಳು ಅಕ್ಟೋಬರಿನವು. ಹಾಗಾಗಿ ಆ ಎರಡು ತಾರೆಗಳನ್ನು ನೋಡಲು ಆರು ತಿಂಗಳು ಆಚೆಯ ಏಪ್ರಿಲ್, ಮೇ ರಾತ್ರಿಗಳೇ ಸರಿ.

ಮೇ ನಡುವಿನ ಒಂದು ರಾತ್ರಿ ಒಂಬತ್ತು ಗಂಟೆಗೆ ತಾರಸಿ ಹತ್ತಿ. ಉತ್ತರಕ್ಕೆ ಮುಖ ಮಾಡಿದರೆ ಸಪ್ತರ್ಷಿ ಮಂಡಲ ಸಾಕಷ್ಟು ಎತ್ತರದಲ್ಲಿರುತ್ತದೆ. ಅದರ ಬಾಲದ ನಡುವಿನ ತಾರೆ ವಸಿಷ್ಠ, ಅದಕ್ಕೆ ಅಂಟಿಕೊಂಡಂತಿರುವ ಮಂಕು ಚುಕ್ಕೆ ಅರುಂಧತಿ. ಮದುವೆಯಲ್ಲಿ ಪುರೋಹಿತರು ಹಾಡಹಗಲೇ ಛತ್ರದ ಹೊರಗೆ ಕರೆದು ತೋರಿಸುವ ಅರುಂಧತಿ ಇದೇ. ವೈಶಾಖದಲ್ಲಿ ಮದುವೆಯಾದವರು ಅದೇ ರಾತ್ರಿ ನಿಜವಾಗಿಯೂ ನೋಡಿಬಿಡಬಹುದು. ಯಾಕೋ ಆ ಗೋಜಿಗೆ ಯಾರೂ ಹೋಗುವುದಿಲ್ಲ. ಸಪ್ತರ್ಷಿಯ ಬಾಲದ ಬಾಗನ್ನು ಹಾಗೆಯೇ ಮುಂದುವರಿಸಿದರೆ ಕಿತ್ತಳೆ ಬಣ್ಣದ ಸ್ವಾತಿ, ಇನ್ನೂ ಮುಂದೆ ಹೋದರೆ ನೀಲಿ ಬಿಳುಪಿನ ಚಿತ್ತಾ. ಸ್ವಾತಿ ಸುಮಾರು 37 ಜ್ಯೋತಿರ್ವರ್ಷ ದೂರದ್ದು, ಚಿತ್ತಾ ಸುಮಾರು 250. ಚಿತ್ತಾ ಒಂದೇ ತಾರೆಯಂತೆ ಕಂಡರೂ ಅಲ್ಲಿರುವುದು ಎರಡು ಸೂರ್ಯರು, ನಾಲ್ಕೇ ದಿನಕ್ಕೆ ಒಂದನ್ನೊಂದು ಸುತ್ತುತ್ತಿವೆ.

ಗ್ರಹ ಹುಡುಕುವವರಿಗೆ ಈ ಕಾಲದ ಆಕಾಶ ಬಹಳ ಅನುಕೂಲ. ಪಶ್ಚಿಮದ ಕಡೆಗಿನ ಮಖಾ, ಚಿತ್ತಾ, ವಿಶಾಖಾ, ಪೂರ್ವದ ಜ್ಯೇಷ್ಠಾ ಇವನ್ನು ಮನಸ್ಸಿನಲ್ಲೇ ಒಂದು ಗೆರೆಯಿಂದ ಕೂಡಿಸಿ. ಸೂರ್ಯ, ಚಂದ್ರ, ಗ್ರಹಗಳೆಲ್ಲ ಓಡಾಡುವುದು ಈ ಗೆರೆಯ ಆಸುಪಾಸಿನಲ್ಲೇ. ಆ ದಾರಿಯಲ್ಲಿ ನಕ್ಷೆಯಲ್ಲಿಲ್ಲದ ಹೊಳೆಯುವ ಚುಕ್ಕೆ ಕಂಡು, ಅದು ಮಿನುಗದೆ ಸ್ಥಿರವಾಗಿದ್ದರೆ ಗ್ರಹವೆಂದೇ ತಿಳಿಯಿರಿ. ಕೆಂಪಗಿದ್ದರೆ ಮಾತ್ರ ತುಸು ಎಚ್ಚರ: ಮಂಗಳ ವೃಶ್ಚಿಕಕ್ಕೆ ಬಂದಾಗ ಜ್ಯೇಷ್ಠಾ ಯಾವುದು, ಮಂಗಳ ಯಾವುದು ಎಂದು ಹಳಬರೂ ಒಂದು ಕ್ಷಣ ತಡವರಿಸುತ್ತಾರೆ.

ಯಾವ ಗ್ರಹ ಈಗ ಎಲ್ಲಿದೆ ಎಂದು ತಿಳಿಯಲು ಆ್ಯಪ್ ಬೇಕಿಲ್ಲ, ಗೋಡೆಗೆ ನೇತುಹಾಕಿದ ಪಂಚಾಂಗ ಸಾಕು. ಗುರು ಯಾವ ರಾಶಿಯಲ್ಲಿ, ಶನಿ ಯಾವ ರಾಶಿಯಲ್ಲಿ ಎಂದು ಅದರಲ್ಲಿ ಬರೆದೇ ಇರುತ್ತದೆ. ಗುರು ಸುಮಾರು ವರ್ಷಕ್ಕೊಂದು ರಾಶಿ ದಾಟಿ 12 ವರ್ಷಕ್ಕೆ ಸುತ್ತು ಮುಗಿಸುತ್ತಾನೆ; ಶನಿಗೆ ರಾಶಿಗೆ ಎರಡೂವರೆ ವರ್ಷದಂತೆ ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಸಾಡೇಸಾತಿಯ ಭಯದಲ್ಲಿ ಶನಿಯ ರಾಶಿ ಬಾಯಿಪಾಠ ಇರುವ ಎಷ್ಟೋ ಮಂದಿ ಆ ಗ್ರಹವನ್ನು ಒಮ್ಮೆಯೂ ನೋಡಿಲ್ಲ. ಫಲ ಭಾಗವನ್ನು ಪಕ್ಕಕ್ಕಿಟ್ಟರೆ ಪಂಚಾಂಗ ಒಳ್ಳೆಯ ಆಕಾಶ ಕೈಪಿಡಿ ಎಂಬುದು ನನ್ನ ಅಭಿಪ್ರಾಯ. ಅಲುಗದಂತೆ ಹಿಡಿದ ಬೈನಾಕ್ಯುಲರಿನಲ್ಲಿ, 1610ರಲ್ಲಿ ಗೆಲಿಲಿಯೋ ಕಂಡ ಗುರುವಿನ ನಾಲ್ಕು ಚಂದ್ರರು ನಿಮಗೂ ಕಾಣುತ್ತವೆ. ಶನಿಯ ಬಳೆಗೆ ಸಣ್ಣದಾದರೂ ದೂರದರ್ಶಕ ಬೇಕು. ಶುಕ್ರನ ಲೆಕ್ಕ ಬೇರೆ: ಅವನು ಸೂರ್ಯನಿಂದ 47 ಡಿಗ್ರಿಗಿಂತ ದೂರ ಹೋಗುವುದೇ ಇಲ್ಲ. ಹಾಗಾಗಿ ನಟ್ಟಿರುಳಿನಲ್ಲಿ ನೆತ್ತಿಯ ಮೇಲೆ ಹೊಳೆಯುವುದು ಶುಕ್ರನಂತೂ ಅಲ್ಲ.

ಚಂದ್ರನೂ ಇದೇ ದಾರಿಯವನು. ಉತ್ತರ ಕರ್ನಾಟಕದವರ ದವನದ ಹುಣ್ಣಿಮೆಯಂದು, ಅಂದರೆ ಚೈತ್ರದಲ್ಲಿ, ಅವನು ಚಿತ್ತಾ ಬಳಿ. ಆಗಿ ಹುಣ್ಣಿಮೆಯಂದು ವಿಶಾಖಾ ಬಳಿ. ಎತ್ತುಗಳ ಮೈಗೆ ಬಣ್ಣ ಬಳಿದು ಕರಿ ಹರಿಯುವ ಕಾರ ಹುಣ್ಣಿಮೆಯಂದು ಜ್ಯೇಷ್ಠಾ ಬಳಿ. ಚೈತ್ರ, ವೈಶಾಖ, ಜ್ಯೇಷ್ಠ ಎಂದು ಈ ತಿಂಗಳುಗಳಿಗೆ ಹೆಸರು ಬಂದದ್ದೇ ಹುಣ್ಣಿಮೆಯ ಚಂದ್ರ ನಿಲ್ಲುವ ನಕ್ಷತ್ರದಿಂದ. ಅಧಿಕ ಮಾಸ ಬಂದ ವರ್ಷ ಒಂದೆರಡು ನಕ್ಷತ್ರ ಆಚೀಚೆ ಆಗುತ್ತದೆ.

ಆದರೆ ಬೇಸಿಗೆ ಮುಗಿಯುವ ಹೊತ್ತಿನ ನಿಜವಾದ ಸೊಗಸು ದಕ್ಷಿಣದಲ್ಲಿದೆ, ಅದನ್ನು ನೋಡಲು ಅಮಾವಾಸ್ಯೆಯ ಆಸುಪಾಸಿನ ರಾತ್ರಿ ಬೇಕು. ಮೇ ನಡುವಿನಲ್ಲಿ ರಾತ್ರಿ ಒಂಬತ್ತೂಕಾಲರ ಹೊತ್ತಿಗೆ ತ್ರಿಶಂಕುವಿನ ನಾಲ್ಕು ತಾರೆಗಳು ನೆಟ್ಟಗೆ ನಿಲ್ಲುತ್ತವೆ. ಬೆಂಗಳೂರಿನಿಂದ ಅದರ ಕೆಳತುದಿ ದಿಗಂತದಿಂದ 14 ಡಿಗ್ರಿ ಎತ್ತರದಲ್ಲಿ, ಬೀದರಿನಿಂದ 9 ಡಿಗ್ರಿಯಲ್ಲಿ. ಲಂಡನ್ನಿನವರಿಗೆ ಈ ಭಾಗ್ಯ ಎಂದೂ ಇಲ್ಲ. ಇನ್ನೊಂದು ಗಂಟೆ ಕಾದರೆ ಚಿತ್ತಾ ದಕ್ಷಿಣದ ನೇರಕ್ಕೆ ಬರುತ್ತದೆ. ತೋಳು ಚಾಚಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ. ಚಿತ್ತಾದಿಂದ ಮೂರೂವರೆ ಮುಷ್ಟಿ ಕೆಳಗೆ ಬೈನಾಕ್ಯುಲರ್ ತಿರುಗಿಸಿ. ಅಲ್ಲಿ ಉಜ್ಜಿ ಮಸುಕಾದ ಸೀಮೆಸುಣ್ಣದ ಗುರುತಿನಂತೆ ಕಾಣುವುದು ಒಮೆಗಾ ಸೆಂಟಾರಿ, ಸುಮಾರು ಒಂದು ಕೋಟಿ ತಾರೆಗಳ ಗುಚ್ಛ, ಸುಮಾರು 17 ಸಾವಿರ ಜ್ಯೋತಿರ್ವರ್ಷ ದೂರ. ಟಾಲೆಮಿ ಇದನ್ನು ಬರಿಯ ತಾರೆಯೆಂದು ಪಟ್ಟಿ ಮಾಡಿದ್ದ. ಅಲ್ಲ ಎಂದು 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ ಗುರುತಿಸಿದವನು ಎಡ್ಮಂಡ್ ಹ್ಯಾಲಿ. ಹನ್ನೊಂದು ದಾಟಿದ ಮೇಲೆ ತ್ರಿಶಂಕುವಿನ ಎಡಕ್ಕಿರುವ ಆಲ್ಫಾ ಸೆಂಟಾರಿ ತನ್ನ ಪೂರ್ಣ ಎತ್ತರಕ್ಕೆ ಏರುತ್ತದೆ. ನಮಗೆ ನಾಲ್ಕೂ ಚಿಲ್ಲರೆ ಜ್ಯೋತಿರ್ವರ್ಷ ದೂರದ ನೆರೆಮನೆಯಿದು. ಅದು ಜೋಡಿ ತಾರೆಯೆಂದು ಮೊದಲು ಕಂಡದ್ದು ಯುರೋಪಿನಲ್ಲಲ್ಲ. 1689ರ ಡಿಸೆಂಬರಿನಲ್ಲಿ, ನಮ್ಮ ಪಕ್ಕದ ಪುದುಚೇರಿಯಲ್ಲಿ ಧೂಮಕೇತು ನೋಡುತ್ತಿದ್ದ ಜೆಸ್ಯೂಟ್ ಪಾದ್ರಿ ರಿಶೋಗೆ ಅದು ದೂರದರ್ಶಕದಲ್ಲಿ ಎರಡಾಗಿ ತೋರಿತು.

ದಿಗಂತಕ್ಕೆ ಇಷ್ಟು ಹತ್ತಿರದ ನೋಟಕ್ಕೆ ಬೇಸಿಗೆಯ ದೂಳೇ ದೊಡ್ಡ ಶತ್ರು. ಒಂದು ಗುಡುಗು ಮಳೆ ಬಿದ್ದು ಬಿಟ್ಟ ರಾತ್ರಿ ಗಾಳಿ ತೊಳೆದಂತಿರುತ್ತದೆ; ಆ ರಾತ್ರಿಯನ್ನು ಬಿಡಬೇಡಿ, ದಕ್ಷಿಣಕ್ಕೆ ಊರದೀಪಗಳಿಲ್ಲದ ಜಾಗವನ್ನು ಹಗಲಿನಲ್ಲೇ ನೋಡಿಟ್ಟುಕೊಳ್ಳಿ. ಕರಾವಳಿ, ಮಲೆನಾಡಿನವರು ಮೇ ಮುಗಿಯುವುದರೊಳಗೆ ನೋಡಿಬಿಡಬೇಕು. ವಿಜಯಪುರ, ಕಲಬುರಗಿ ಕಡೆಯವರಿಗೆ ಮುಂಗಾರು ತಡವಾಗಿ ತಲುಪುವುದರಿಂದ ಕೆಲವು ದಿನ ಹೆಚ್ಚಿಗೆ ಸಿಗುತ್ತದೆ.