ಒಂದು ಟ್ರ್ಯಾಕ್ಟರ್‌ಗೆ ಎಷ್ಟು ಟನ್ ಕತ್ತಾಳೆ?

ಇವತ್ತು ಟಾಂಜಾನಿಯಾ. ಸಫಾರಿ, ಕಿಲಿಮಂಜಾರೋ ಎಲ್ಲ ನಿಮಗೆ ರೀಲ್ಸ್‌ನಲ್ಲೇ ಸಿಗುತ್ತೆ, ಬಿಡಿ. ನಾನು ಹೇಳೋದು ಕತ್ತಾಳೆ ಕಥೆ. ನಮ್ಮ ಕಡೆ ಹೊಲದ ಬದುವಿನಲ್ಲಿ ಬೇಲಿಗೆ ನೆಡ್ತಾರಲ್ಲ, ಅದೇ ಜಾತಿ. ವ್ಯಾಪಾರದಲ್ಲಿ ಅದರ ನಾರಿನ ಹೆಸರು ಸೈಸಲ್.

1893ರಲ್ಲಿ, ಜರ್ಮನ್ನರ ಆಳ್ವಿಕೆಯಲ್ಲಿ, ರಿಚರ್ಡ್ ಹಿಂಡಾರ್ಫ್ ಎಂಬ ಕೃಷಿ ತಜ್ಞ ಫ್ಲೋರಿಡಾದಿಂದ ಸಾವಿರ ಸಸಿ ತರಿಸಿದ. ಟಾಂಗಾ ಬಂದರು ಮುಟ್ಟಿದಾಗ ಬದುಕಿದ್ದವು ಬರೀ 62! ಅವುಗಳಿಂದಲೇ ತೋಟಗಳೆದ್ದವು. 1961ರಲ್ಲಿ ಆಗಿನ ಟ್ಯಾಂಗನಿಕಾ ಸ್ವತಂತ್ರವಾದಾಗ ದೇಶದ ಅತಿ ದೊಡ್ಡ ರಫ್ತು ಇದೇ ಹಗ್ಗದ ನಾರು.

ಅಷ್ಟರಲ್ಲಿ ಪ್ಲಾಸ್ಟಿಕ್ ದಾರ ಬಂತು, ಬೆಲೆ ಕುಸಿಯಿತು. 1967ರಲ್ಲಿ ಅಧ್ಯಕ್ಷ ಜೂಲಿಯಸ್ ನೈರೆರೆ ಅರುಷಾ ಘೋಷಣೆ ಹೊರಡಿಸಿದರು. ಬ್ಯಾಂಕುಗಳು, ಅನೇಕ ಸೈಸಲ್ ತೋಟಗಳು ಸರ್ಕಾರದ ಕೈಗೆ ಬಂದವು. ಹಾಳಾಗಿದ್ದೆಲ್ಲ ರಾಷ್ಟ್ರೀಕರಣದಿಂದಲೇ ಅನ್ನೋರಿದ್ದಾರೆ. ನಾನು ಪೂರ್ತಿ ಒಪ್ಪಲ್ಲ. ಬೆಲೆ ಬಿದ್ದಿದ್ದು ಮೊದಲು. ಆಮೇಲಿನ ಕೆಟ್ಟ ಆಡಳಿತ ಗಾಯದ ಮೇಲೆ ಬರೆ ಎಳೀತು.

ಬಿ.ಕಾಂನಲ್ಲಿ ‘ಟರ್ಮ್ಸ್ ಆಫ್ ಟ್ರೇಡ್’ ಅಂತ ಬಾಯಿಪಾಠ ಮಾಡಿದ್ವಿ, ನೆನಪಿದೆಯಾ? ನೈರೆರೆ ಅದನ್ನ ಸಲೀಸಾಗಿ ಹೇಳ್ತಿದ್ದರು: ಒಂದು ಟ್ರ್ಯಾಕ್ಟರ್ ಕೊಳ್ಳೋಕೆ ಎಷ್ಟು ಟನ್ ಸೈಸಲ್ ಮಾರಬೇಕು? ಟ್ರ್ಯಾಕ್ಟರ್ ಅದೇ, ಆದರೆ ವರ್ಷ ಕಳೆದಂತೆ ಕೊಡಬೇಕಾದ ನಾರು ಹೆಚ್ಚುತ್ತಲೇ ಹೋಯ್ತು.

1960ರ ದಶಕದಲ್ಲಿ ವರ್ಷಕ್ಕೆ 2 ಲಕ್ಷ ಟನ್ ದಾಟಿದ್ದ ಉತ್ಪಾದನೆ, 1990ರ ದಶಕದ ಕೊನೆಗೆ ಸುಮಾರು 20 ಸಾವಿರ ಟನ್‌ಗೆ ಇಳಿಯಿತು. ಈಗ ರಫ್ತಿನಲ್ಲಿ ಮುಂದಿರೋದು ಚಿನ್ನ. ಅದರ ಬೆಲೆಯನ್ನೂ ದಾರ್ ಎಸ್ ಸಲಾಮ್ ನಿರ್ಧರಿಸಲ್ಲ. ಆ ಲೆಕ್ಕ ಮುಂದಿನ ಕಂತಿನಲ್ಲಿ ಬಿಡಿಸೋಣ.