ಔಷಧಿ ಡಬ್ಬಿಯಲ್ಲಿ ಕೈಗವಸು ಇರಲಿ

ಕೊಯ್ಲಿನಲ್ಲಿ ಕುಡುಗೋಲು ತಗುಲಿದರೆ, ಒಕ್ಕುವ ಯಂತ್ರಕ್ಕೆ ಬೆರಳು ಸಿಕ್ಕಿದರೆ, ರಸ್ತೆಯಲ್ಲಿ ಬೈಕು ಉರುಳಿದರೆ, ಮೊದಲು ಓಡಿಬರುವವರು ಪಕ್ಕದ ಹೊಲದವರೇ ಹೊರತು ಡಾಕ್ಟರಲ್ಲ. ರಾಯದುರ್ಗದಿಂದ ಬಳ್ಳಾರಿಗೆ ಸುಮಾರು 50 ಕಿಲೋಮೀಟರು; ಅನಂತಪುರ ಇನ್ನೂ ದೂರ. ಮಡಕಶಿರಾ ಕಡೆಯ ರೊಳ್ಳ, ಅಮರಾಪುರದ ಹಳ್ಳಿಗಳಿಗೂ ದೊಡ್ಡ ಆಸ್ಪತ್ರೆ ಹತ್ತಿರವಿಲ್ಲ. 108ಕ್ಕೆ ಫೋನು ಮಾಡಿದರೂ ವಾಹನ ಬರುವತನಕ ರಕ್ತ ಸುರಿಯುವ ಗಾಯವನ್ನು ಯಾರಾದರೂ ಒತ್ತಿ ಹಿಡಿದಿರಲೇಬೇಕು.

ಹಾಗೆ ಹಿಡಿಯುವವನ ಕೈಗೂ ಕಾವಲು ಬೇಕು. ಮಣ್ಣಿನಲ್ಲಿ ದುಡಿಯುವ ಕೈಯಲ್ಲಿ ಬಿರುಕು, ಮುಳ್ಳಿನ ಗೀರು ಇದ್ದೇ ಇರುತ್ತವೆ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಈ ಮೂರೂ ರಕ್ತದಿಂದ ರಕ್ತಕ್ಕೆ ದಾಟತಕ್ಕವು. ಇವುಗಳಲ್ಲಿ ಹೆಪಟೈಟಿಸ್ ಬಿ ರೋಗಾಣು ಒಣಗಿದ ರಕ್ತದ ಕಲೆಯಲ್ಲಿಯೂ ಏಳು ದಿನ ಜೀವ ಹಿಡಿದಿರಬಲ್ಲದು. ಗಾಯಗೊಂಡವನನ್ನು ನೋಡಿದ ಮಾತ್ರಕ್ಕೆ ರೋಗವಿದೆಯೇ ಇಲ್ಲವೇ ಎಂದು ತಿಳಿಯದು. ಆದುದರಿಂದ ನೆಂಟರಾಗಲಿ, ಪರರಾಗಲಿ, ಎಲ್ಲರಿಗೂ ಒಂದೇ ನಿಯಮ: ರಕ್ತ ಮುಟ್ಟುವ ಮೊದಲು ಕೈಗವಸು.

ಕೈಗವಸು ಹುಟ್ಟಿದ್ದೇ ಉಪಚಾರ ಮಾಡುವವರ ಕೈ ಉಳಿಸಲಿಕ್ಕೆ. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕರೋಲಿನ್ ಹ್ಯಾಂಪ್ಟನ್ ಎಂಬ ದಾದಿಯ ಕೈಗಳು ರೋಗಾಣು ಕೊಲ್ಲುವ ಪಾದರಸದ ದ್ರಾವಣದಿಂದ ಸುಲಿದುಹೋಗುತ್ತಿದ್ದವು. ಅದನ್ನು ಕಂಡ ಶಸ್ತ್ರವೈದ್ಯ ಹಾಲ್‌ಸ್ಟೆಡ್ಡರು 1890ರ ಸುಮಾರಿಗೆ ಗುಡ್‌ಇಯರ್ ಕಂಪನಿಯಿಂದ ತೆಳು ರಬ್ಬರಿನ ಕೈಗವಸು ಮಾಡಿಸಿದರು. ರೋಗಿಗೂ ಅದರಿಂದ ಲಾಭವೆಂಬುದು ಆಮೇಲೆ ತಿಳಿಯಿತು.

ಯಾವುದನ್ನು ಕೊಳ್ಳಬೇಕು?

ಒಮ್ಮೆ ತೊಟ್ಟು ಬಿಸಾಡುವ ಕೈಗವಸುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಲೇಟೆಕ್ಸ್ ಎಂಬುದು ರಬ್ಬರು ಮರದ ಹಾಲಿನಿಂದಾದದ್ದು. ಕೈಗೆ ಚೆನ್ನಾಗಿ ಕೂರುತ್ತದೆ. ಆದರೆ ಕೆಲವರಿಗೆ ಅದು ಒಗ್ಗುವುದಿಲ್ಲ. ಮೈಮೇಲೆ ದದ್ದು ಏಳಬಹುದು, ಉಸಿರು ಕಟ್ಟಲೂಬಹುದು. ತೊಟ್ಟವನಿಗೆ ಒಗ್ಗಿದರೂ ಗಾಯಾಳುವಿಗೆ ಒಗ್ಗದಿರಬಹುದು. ಎಣ್ಣೆ, ಗ್ರೀಸು, ವ್ಯಾಸಲೀನು ತಗುಲಿದರೆ ಲೇಟೆಕ್ಸ್ ಸಡಿಲಗೊಂಡು ಹರಿಯುತ್ತದೆ. ಎರಡನೆಯದು ವಿನೈಲ್. ಬೆಲೆ ಕಡಿಮೆ, ಆದರೆ ಜೋಲುಜೋಲಾಗಿರುತ್ತದೆ, ಬೇಗ ಹರಿಯುತ್ತದೆ. ಮೂರನೆಯದು ನೈಟ್ರೈಲ್. ಇದರಲ್ಲಿ ಮರದ ಹಾಲಿಲ್ಲ, ಎಣ್ಣೆಗೆ ಕೆಡುವುದಿಲ್ಲ, ಸುಲಭವಾಗಿ ತೂತು ಬೀಳದು. ಬೆಲೆ ತುಸು ಹೆಚ್ಚಾದರೂ ರೈತನ ಡಬ್ಬಿಗೆ ಇದೇ ತಕ್ಕದ್ದು. ಹೋಟೆಲಿನವರು ತಿಂಡಿ ಬಡಿಸಲು ತೊಡುವ ತೆಳು ಪ್ಲಾಸ್ಟಿಕ್ಕಿನದು ರಕ್ತಕ್ಕೆ ಆಗಿಬರುವುದಿಲ್ಲ.

ಒಳಗೆ ಪುಡಿ ಹಾಕಿದ ಕೈಗವಸು ಬೇಡ. ಆ ಪುಡಿ ಗಾಯಕ್ಕೂ ಉಸಿರಿಗೂ ಕೆಟ್ಟದ್ದೆಂದು ಅಮೆರಿಕದ ಸರ್ಕಾರ 2017ರಲ್ಲಿ ಅವುಗಳನ್ನು ವೈದ್ಯಕೀಯದಲ್ಲಿ ನಿಷೇಧಿಸಿತು. ಆಪರೇಷನ್ನಿಗೆಂದು ಜೋಡಿಜೋಡಿಯಾಗಿ ಕಾಗದದಲ್ಲಿ ಮುಚ್ಚಿಟ್ಟ ದುಬಾರಿ ಮಾಲೂ ಪ್ರಥಮ ಚಿಕಿತ್ಸೆಗೆ ಅಗತ್ಯವಿಲ್ಲ. ಪೆಟ್ಟಿಗೆಯ ಮೇಲೆ ‘ಎಕ್ಸಾಮಿನೇಷನ್’, ‘ನೈಟ್ರೈಲ್’, ‘ಪೌಡರ್ ಫ್ರೀ’ ಎಂಬ ಮೂರು ಮಾತು ಇಂಗ್ಲಿಷಿನಲ್ಲಿ ಇದೆಯೇ ಎಂದು ಓದುಬಲ್ಲ ಮಕ್ಕಳಿಂದ ನೋಡಿಸಿರಿ. ತೆಲುಗು ಅಂಗಡಿಯಲ್ಲಿ ‘ಪೌಡರ್ ಲೇನಿ ನೈಟ್ರೈಲ್ ಗ್ಲೌಸ್’ ಎಂದರೆ ಸಾಕು, ಕೊಡುತ್ತಾರೆ.

ಅಳತೆ ಮತ್ತು ಸಂಗ್ರಹ

ಹೆಬ್ಬೆರಳು ಬಿಟ್ಟು ಅಂಗೈಯ ಸುತ್ತಳತೆ ತೆಗೆಯಿರಿ. ಜೀನ್ಸ್ ಹೊಲಿಗೆಗೆ ಹೆಸರಾದ ರಾಯದುರ್ಗದಲ್ಲಿ ದರ್ಜಿಯ ಟೇಪಿಗೇನೂ ಬರವಿಲ್ಲ. ಸುತ್ತಳತೆ 7 ಅಂಗುಲವಿದ್ದರೆ ಸ್ಮಾಲ್, 8 ಇದ್ದರೆ ಮೀಡಿಯಂ, 9 ಇದ್ದರೆ ಲಾರ್ಜ್. ಗಂಡಸರ ಕೈಗೂ ಹೆಂಗಸರ ಕೈಗೂ ಆಗುವಂತೆ ಎರಡು ಅಳತೆಯಲ್ಲಿ ಎರಡೆರಡು ಜೊತೆ ಇರಲಿ. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 100 ಇರುವುದರಿಂದ ನಾಲ್ಕಾರು ಮನೆಯವರು ಕೂಡಿ ಕೊಂಡು, ಸೋಪಿನಲ್ಲಿ ಕೈ ತೊಳೆದು ಒರೆಸಿಕೊಂಡು, ಶುಚಿಯಾದ ಕವರುಗಳಲ್ಲಿ ಹಂಚಿಕೊಳ್ಳಬಹುದು.

ನಮ್ಮ ಸೀಮೆಯ ಬಿಸಿಲು ಕೈಗವಸಿಗೆ ಶತ್ರು. ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲಿ, ತಗಡಿನ ಮಾಡಿನ ಕೆಳಗೆ ಇಟ್ಟರೆ ಅದು ಅಂಟಂಟಾಗಿ ಬಿರುಕು ಬಿಡುತ್ತದೆ. ತಂಪಾದ ನೆರಳಿನಲ್ಲಿಡಬೇಕು. ವರ್ಷಕ್ಕೊಮ್ಮೆ ಎಳೆದು ನೋಡಿ, ಬಿರುಕು ಬಿಟ್ಟದ್ದನ್ನೂ ತಾರೀಖು ಮುಗಿದದ್ದನ್ನೂ ಬದಲಿಸತಕ್ಕದ್ದು.

ತೊಡುವುದು, ಕಳಚುವುದು

ಉಂಗುರ ತೆಗೆದು ತೊಟ್ಟುಕೊಳ್ಳಿರಿ. ಒಬ್ಬನ ಉಪಚಾರ ಮುಗಿದು ಇನ್ನೊಬ್ಬನನ್ನು ಮುಟ್ಟುವ ಮೊದಲು ಬದಲಿಸಿರಿ. ಕಳಚುವಾಗ ಒಂದು ಕೈಯ ಗವಸನ್ನು ಮಣಿಕಟ್ಟಿನ ಬಳಿ ಹೊರಗಡೆಯಿಂದ ಚಿವುಟಿ ಹಿಡಿದು, ಒಳಗು ಹೊರಗಾಗುವಂತೆ ಎಳೆದು, ಇನ್ನೊಂದು ಕೈಯ ಮುಷ್ಟಿಯಲ್ಲಿ ಇಟ್ಟುಕೊಳ್ಳಿರಿ. ಬಳಿಕ ಬರಿಬೆರಳನ್ನು ಎರಡನೆಯದರ ಒಳಗೆ ತೂರಿಸಿ, ಅದೇ ರೀತಿ ಮಗುಚಿರಿ. ಕೂಡಲೆ ಸೋಪಿನಿಂದ ಕೈ ತೊಳೆಯಿರಿ. ತೊಳೆದು ಮತ್ತೆ ತೊಡುವ ಉಳಿತಾಯ ಬೇಡ. ಬಳಸಿದ್ದನ್ನು ತಿಪ್ಪೆಗೆ ಎಸೆದರೆ ನಾಯಿಗೋ ಮಕ್ಕಳಿಗೋ ಸಿಕ್ಕೀತು. ಕವರಿನಲ್ಲಿ ಬಿಗಿದು ಕಟ್ಟಿ ಆರೋಗ್ಯ ಕೇಂದ್ರಕ್ಕೆ ಒಪ್ಪಿಸಿರಿ.

ದನಕುರಿಗಳ ವಿಷಯ

ಹಸು ಕಂದು ಹಾಕಿದಾಗ, ಸತ್ತೆ ಬೀಳದಿದ್ದಾಗ ಬರಿಗೈ ಹಾಕುವುದರಿಂದ ಬ್ರುಸೆಲ್ಲೋಸಿಸ್ ಎಂಬ ಜ್ವರ ಮನುಷ್ಯರಿಗೆ ಅಂಟುತ್ತದೆ. ಅಂಥ ಕೆಲಸ ಪಶುವೈದ್ಯರದು; ಅದಕ್ಕೆ ಹೆಗಲತನಕದ ಗವಸು ಬೇಕು. ಎತ್ತು ಜೊಲ್ಲು ಸುರಿಸುತ್ತಿದ್ದರೆ ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಬೇಡಿರಿ. ಅದು ಹುಚ್ಚುನಾಯಿ ರೋಗವಿರಬಹುದು. ಗಾಯವಿರುವ ಕೈಗೆ ಆ ಜೊಲ್ಲು ತಾಗಿದ್ದರೆ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆಯ ವಿಚಾರ ಕೇಳಬೇಕು. ಕುರಿ ಇದ್ದಕ್ಕಿದ್ದಂತೆ ಸತ್ತು ಮೂಗು, ಗುದದಿಂದ ಹೆಪ್ಪುಗಟ್ಟದ ರಕ್ತ ಬಂದರೆ ನೆರಡಿ ರೋಗದ ಶಂಕೆ. ಕೈಗವಸು ಇದೆಯೆಂಬ ಧೈರ್ಯದಿಂದ ಅದನ್ನು ಸುಲಿಯಲೂ ಕೊಯ್ಯಲೂ ಬಾರದು. ಪಶುವೈದ್ಯರಿಗೆ ಸುದ್ದಿ ಮುಟ್ಟಿಸಿರಿ.

ಇನ್ನೊಂದು ಎಚ್ಚರಿಕೆ. ಈ ತೆಳು ಗವಸು ತೊಟ್ಟು ಕಡಲೆಕಾಯಿ ಬೆಳೆಗೆ ಹೊಡೆಯುವ ಕ್ರಿಮಿನಾಶಕ ಕಲಸಬಾರದು. ಅದಕ್ಕೆ ಮೊಣಕೈವರೆಗೆ ಬರುವ ದಪ್ಪ ನೈಟ್ರೈಲ್ ಗವಸೇ ಬೇರೆ ಇದೆ.

ಕೈಗವಸು ಇಲ್ಲದ ವೇಳೆ ಗಾಯಾಳುವನ್ನು ಬಿಟ್ಟು ನಿಲ್ಲಬೇಕೆಂದಲ್ಲ. ಅವನ ಕೈಯಿಂದಲೇ ಮಡಿಸಿದ ಶುಚಿ ಬಟ್ಟೆಯನ್ನು ಗಾಯದ ಮೇಲೆ ಬಲವಾಗಿ ಒತ್ತಿಸಿರಿ. ಅವನಿಂದಾಗದಿದ್ದರೆ ನಿಮ್ಮ ಕೈಗೆ ತೂತಿಲ್ಲದ ಪ್ಲಾಸ್ಟಿಕ್ ಕವರು ಸುತ್ತಿಕೊಂಡು ಒತ್ತಿರಿ. ಮುಂದಿನ ಸಂತೆಯಲ್ಲಿ ಬೀಜ, ಹಗ್ಗ ಕೊಳ್ಳುವಾಗ ಔಷಧಿ ಅಂಗಡಿಗೂ ಒಂದು ಹೆಜ್ಜೆ ಹಾಕಿ ಕೈಗವಸು ತನ್ನಿರಿ. ಡಬ್ಬಿ ಎಲ್ಲಿದೆಯೆಂಬುದನ್ನು ಮನೆಯವರಿಗೆಲ್ಲ ತಿಳಿಸಿಡಿರಿ.