ನಿಮಗಿದು ಗೊತ್ತೇ? ಸನಿಕೆ ಹಿಡಿದ ಐರ್ಲೆಂಡ್

ಐರ್ಲೆಂಡಿನ ಬಡ ರೈತನ ಕೈಯಲ್ಲಿದ್ದದ್ದು ಹೆಚ್ಚಾಗಿ ನೇಗಿಲಲ್ಲ, ‘ಲಾಯ್’ ಎಂಬ ಸನಿಕೆ. ಉದ್ದನೆಯ ಮರದ ಕಾವು, ತುದಿಗೆ ಕಿರಿದಾದ ಕಬ್ಬಿಣದ ಅಲಗು, ತುಳಿಯಲು ಒಂದೇ ಪಕ್ಕದಲ್ಲಿ ಮೆಟ್ಟು. ಕುದುರೆ ಹತ್ತಲಾರದ ಕಲ್ಲುಗುಡ್ಡದಲ್ಲೂ ಇದು ನಡೆಯುತ್ತಿತ್ತು.

‘ಅವನು ಯಾವ ಕಾಲಲ್ಲಿ ಅಗೆಯುತ್ತಾನೆ?’ ಅಲ್ಲಿ ಹೀಗೆ ಕೇಳಿದರೆ, ಅವನು ಕ್ಯಾಥೊಲಿಕ್ಕೋ ಪ್ರಾಟೆಸ್ಟೆಂಟೋ ಎಂದು ಅರ್ಥ!

1907ರಲ್ಲಿ ಡಬ್ಲಿನ್ನಿನ ಅಬ್ಬೆ ರಂಗಮಂದಿರದಲ್ಲಿ ಗಲಭೆ ಎಬ್ಬಿಸಿದ ಜೆ.ಎಂ. ಸಿಂಗ್ ಅವರ ನಾಟಕದ ನಾಯಕ, ಅಪ್ಪನ ತಲೆಗೆ ಹೊಡೆದೆನೆಂದು ಹೇಳಿಕೊಳ್ಳುವುದು ಇದೇ ಲಾಯ್‌ನಿಂದ.

ಲಾಯ್‌ನಿಂದ ಕಟ್ಟುತ್ತಿದ್ದ ಆಲೂಗಡ್ಡೆಯ ಏರುಮಡಿಗೆ ಇಂಗ್ಲಿಷಿನಲ್ಲಿ ‘ಸೋಮಾರಿ ಮಡಿ’ ಎಂಬ ಹೆಸರಿದೆ. ಇದು ಅನ್ಯಾಯ. ಹುಲ್ಲುನೆಲದ ಮೇಲೆ ಗೊಬ್ಬರವನ್ನೋ ಕಡಲಪಾಚಿಯನ್ನೋ ಹಾಸಿ, ಬಿತ್ತನೆ ಗಡ್ಡೆ ಇಟ್ಟು, ಎರಡೂ ಬದಿಯ ಹುಲ್ಲುಹೆಂಟೆಯನ್ನು ಕಿತ್ತು ಮಗುಚಿ ಮುಚ್ಚಬೇಕು. ಕಿತ್ತ ಜಾಗವೇ ಕಾಲುವೆಯಾಗಿ ಮಳೆನೀರು ಬಸಿದುಹೋಗುತ್ತದೆ; ಮಗುಚಿದ ಹುಲ್ಲು ಕೊಳೆತು ಗೊಬ್ಬರವಾಗುತ್ತದೆ. ಜೌಗು ನೆಲಕ್ಕೆ ಇದಕ್ಕಿಂತ ಜಾಣ ಉಪಾಯ ಯಾವುದಿದೆ? ಅರಾನ್ ದ್ವೀಪಗಳಲ್ಲಂತೂ ಬರೀ ಬಂಡೆಯ ಮೇಲೆ ಮರಳು, ಪಾಚಿ ಹೊತ್ತು ತಂದು ಸುರಿದು ಮಣ್ಣನ್ನೇ ತಯಾರಿಸಿದರು.

1845ರಲ್ಲಿ ಶುರುವಾದ ಆಲೂಗಡ್ಡೆ ಕ್ಷಾಮಕ್ಕೆ ಮೊದಲು, ದುಡಿಯುವ ಗಂಡಸೊಬ್ಬ ದಿನಕ್ಕೆ 5 ಕಿಲೋ ಆಲೂಗಡ್ಡೆಯನ್ನು ಮಜ್ಜಿಗೆಯೊಂದಿಗೆ ತಿನ್ನುತ್ತಿದ್ದುದುಂಟು. ಹಳೆಯ ಗಡ್ಡೆ ಮುಗಿದು ಹೊಸದು ಬರುವ ತನಕ, ಅಂದರೆ ಬೇಸಿಗೆಯ ಜುಲೈ ಹೊತ್ತಿಗೆ, ಹೊಟ್ಟೆಗಿಲ್ಲದ ದಿನಗಳು.

ಬಡವರು ಹೆಚ್ಚಾಗಿ ಬೆಳೆಯುತ್ತಿದ್ದುದು ‘ಲಂಪರ್’ ಎಂಬ ಒಂದೇ ತಳಿ. ಗಡ್ಡೆಯಿಂದಲೇ ಗಡ್ಡೆ ಬೆಳೆಸಿದ್ದರಿಂದ ಗಿಡಗಳೆಲ್ಲ ಒಂದೇ ಅಚ್ಚು. 1845ರಲ್ಲಿ ಅಂಗಮಾರಿ ರೋಗ ಬಂದಾಗ ತಡೆದು ನಿಲ್ಲುವ ಗಿಡವೇ ಇರಲಿಲ್ಲ. 1841ರಲ್ಲಿ ಸುಮಾರು 82 ಲಕ್ಷ ಜನರಿದ್ದ ನಾಡಿನಲ್ಲಿ, ಕ್ಷಾಮದ ವರ್ಷಗಳಲ್ಲಿ ಸುಮಾರು 10 ಲಕ್ಷ ಮಂದಿ ಸತ್ತರು; ಅಷ್ಟೇ ಮಂದಿ ಹಡಗು ಹತ್ತಿದರು. ಆಗಲೂ ಬಂದರುಗಳಿಂದ ಧಾನ್ಯ ಬ್ರಿಟನ್ನಿಗೆ ಹೋಗುತ್ತಲೇ ಇತ್ತು. ಇದನ್ನು ಓದಿ ಸುಮ್ಮನಿರಲು ನನಗೆ ಆಗುವುದಿಲ್ಲ.

ಪಶ್ಚಿಮದ ಮೇಯೊ ಕಡೆಯ ಗುಡ್ಡಗಳಲ್ಲಿ, ಇಳಿಬಿಸಿಲು ಓರೆಯಾಗಿ ಬಿದ್ದಾಗ, ಪಾಳುಬಿದ್ದ ಆ ಏರುಮಡಿಗಳ ಸಾಲು ಇಂದಿಗೂ ಕಾಣುತ್ತದೆ.

ಆಲೂಗಡ್ಡೆಗೆ ಅಂಗಮಾರಿ ತಂದ ಆ ರೋಗಾಣು ನಮ್ಮ ಮಲೆನಾಡಿಗೂ ನೆಂಟ! ಅಡಿಕೆಯ ಕೊಳೆರೋಗ ತರುವುದೂ ಅದೇ ‘ಫೈಟಾಫ್ತೊರ’ ಕುಲ. 1910ರ ಆಸುಪಾಸಿನಲ್ಲಿ ಮೈಸೂರು ಸಂಸ್ಥಾನದ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್ ಇದಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಕಲಿಸಿದರು. ಕ್ಷಾಮ ಕಳೆದ ಎಷ್ಟೋ ಕಾಲದ ಮೇಲೆ ಐರಿಷ್ ರೈತ ಬೆನ್ನಿಗೆ ಹೊತ್ತು ಆಲೂಗಡ್ಡೆಗೆ ಸಿಂಪಡಿಸಿದ್ದೂ ಆ ದ್ರಾವಣದಲ್ಲಿರುವ ಮೈಲುತುತ್ತವನ್ನೇ.